ಚೀಟಿಯ ಬೆನ್ನು

ವರ್ಕ್‌ಶಾಪಿನಲ್ಲಿ ಅವಳನ್ನು ಎಲ್ಲರೂ ಹಲ್ಲಿನಕ್ಕ ಎಂದೇ ಕರೆಯುತ್ತಿದ್ದರು. ಒಮ್ಮೆ ಯಾರೋ ಪಾಪ, ಊದಿದ ಕೆನ್ನೆ ಹಿಡಿದುಕೊಂಡು ಗೇಟಿನವರೆಗೂ ಬಂದು, "ಹಲ್ಲು ನೋಡೋ ಅಮ್ಮ ಇಲ್ಲೇ ಕೂರ್ತಾರಂತಲ್ಲ" ಎಂದು ವಿಚಾರಿಸಿದ್ದನಂತೆ. ಅಕ್ಕ ಹಲ್ಲು ನೋಡುತ್ತಿದ್ದದ್ದೇನೋ ನಿಜ, ಆದರೆ ಅದು ಗೇರಿನ ಹಲ್ಲು. ಇಪ್ಪತ್ತೆರಡು ವರ್ಷದಿಂದ ಅದೇ ಕಿಟಕಿಯ ಪಕ್ಕ, ಅದೇ ಮೇಜಿನ ಮೇಲೆ, ಯಾವ ಗೇರಿಗೆ ಯಾವ ಲೆಕ್ಕ ಎಂದು ಬರೆದುಕೊಡುವುದೇ ಅವಳ ಕೆಲಸ.

ಹಲ್ಲು ಕೊರೆಯುವ ಯಂತ್ರ ಶೆಡ್ಡಿನ ಮೂಲೆಯಲ್ಲಿತ್ತು. ಅದರ ವಯಸ್ಸು ಯಾರಿಗೂ ಗೊತ್ತಿರಲಿಲ್ಲ, ಅದನ್ನು ನಡೆಸುವ ಮೇಸ್ತ್ರಿಯ ವಯಸ್ಸು ಗೊತ್ತಿಲ್ಲದ ಹಾಗೆಯೇ. ಹೊಸ ಯಂತ್ರಗಳಲ್ಲಿ ಓರೆ ಹಲ್ಲು ಕೊರೆಯಲು ಬೇರೆಯೇ ಏರ್ಪಾಡು ಇರುತ್ತದಂತೆ. ಈ ಮುದುಕಿಗೆ ಅದೆಲ್ಲ ಇಲ್ಲ. ಪಕ್ಕದ ಬಾಗಿಲು ತೆಗೆದು, ಕೆಲಸಕ್ಕೆ ತಕ್ಕಂತೆ ಬದಲಿಸುವ ನಾಲ್ಕು ಚೇಂಜ್ ಗೇರುಗಳನ್ನು ಏರಿಸಬೇಕು, ಅವುಗಳ ಹಲ್ಲುಗಳ ಅನುಪಾತದ ಮೇಲೆ ಓರೆ ನಿಲ್ಲುತ್ತದೆ. ಮರದ ಪೆಟ್ಟಿಗೆಯಲ್ಲಿ ಇಪ್ಪತ್ತು ಹಲ್ಲಿನದರಿಂದ ನೂರಿಪ್ಪತ್ತು ಹಲ್ಲಿನದರವರೆಗೆ ಅರವತ್ತು ಚಿಲ್ಲರೆ ಗೇರುಗಳಿದ್ದವು. ಅವುಗಳಲ್ಲಿ ಸರಿಯಾದ ನಾಲ್ಕನ್ನು ಹುಡುಕುವುದೆಂದರೆ ಜಾತ್ರೆಯಲ್ಲಿ ಕಳೆದ ಮಗುವನ್ನು ಹುಡುಕಿದಂತೆ. ಉಕ್ಕಿನ ಗಟ್ಟಿ ಇನ್ನೂರು ಸುತ್ತು ತಿರುಗಿದರೆ ಒಂದು ಗೇರು ಮುಗಿಯುತ್ತದೆ. ಒಂದು ಸುತ್ತಿನಲ್ಲಿ ಎಳ್ಳಿನ ಮೊನೆಯಷ್ಟು ತಪ್ಪಿದರೂ ಆ ತಪ್ಪು ಇನ್ನೂರು ಸಲ ಒಂದರ ಮೇಲೊಂದು ಕೂರುತ್ತದೆ. ಆದ್ದರಿಂದ ದಶಾಂಶ ಬಿಂದುವಿನ ಆಚೆ ಒಂಬತ್ತು ಅಂಕಿ ನೋಡದೆ ಹಲ್ಲಿನಕ್ಕ ಚೀಟಿ ಬರೆಯುತ್ತಿರಲಿಲ್ಲ.

ಈ ಚೀಟಿಗೆ ಒಂದು ನೇಮವಿತ್ತು. ಅದನ್ನು ಅವಳಿಗೆ ಕಲಿಸಿದವನು, ಅವಳಿಗಿಂತ ಮೊದಲು ಅದೇ ಮೇಜಿನಲ್ಲಿ ಕೂತಿದ್ದ ಅವಳ ಸೋದರಮಾವ. ಚೀಟಿಯ ಮುಂಬದಿಯಲ್ಲಿ ನಾಲ್ಕು ಗೇರುಗಳ ಹಲ್ಲು ಬರೆಯಬೇಕು. ಆಮೇಲೆ ಚೀಟಿ ಮಗುಚಿ, ಅದೇ ನಾಲ್ಕರಿಂದ ಹಿಮ್ಮುಖವಾಗಿ ಲೆಕ್ಕ ಮಾಡಿ, ಹೊರಟ ಅಂಕಿಗೇ ಬಂದು ಸೇರುತ್ತೇವೋ ಇಲ್ಲವೋ ಎಂದು ಬೆನ್ನಿನ ಮೇಲೆ ತೋರಿಸಬೇಕು. "ಹೋದ ದಾರೀಲೇ ವಾಪಸ್ ಬರಕ್ಕಾಗದ ಲೆಕ್ಕ, ಲೆಕ್ಕಾನೇ ಅಲ್ಲ" ಎನ್ನುತ್ತಿದ್ದ ಮಾವ. ಬೆನ್ನು ಖಾಲಿ ಇದ್ದರೆ ಮೇಸ್ತ್ರಿ ಚೀಟಿಯನ್ನು ಮುಟ್ಟುತ್ತಲೂ ಇರಲಿಲ್ಲ. ಮುಗಿದ ಕೆಲಸದ ಚೀಟಿಗಳನ್ನೆಲ್ಲ ಕಂಬದ ಮೇಲಿನ ಉದ್ದ ಮೊಳೆಗೆ ಚುಚ್ಚುತ್ತಿದ್ದರು.

ಇಂಥ ಹಲ್ಲಿನಕ್ಕನ ಹೊಟ್ಟೆಯಲ್ಲಿ ಎಂಟು ತಿಂಗಳಿಂದ ಒಂದು ಗುಟ್ಟು ಕೂತಿತ್ತು. ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ.

ಪೂರ್ತಿ ಕುರುಡಲ್ಲ. ಮನುಷ್ಯರು ಕಾಣುತ್ತಿದ್ದರು, ಬಾಗಿಲು ಗೋಡೆ ಕಾಣುತ್ತಿದ್ದವು. ಆದರೆ ಅನುಪಾತದ ದಪ್ಪ ಪುಸ್ತಕದಲ್ಲಿ ಇರುವೆ ಸಾಲಿನಂತೆ ಅಚ್ಚಾಗಿದ್ದ ಅಂಕಿಗಳಲ್ಲಿ ಮೂರು ಯಾವುದು ಎಂಟು ಯಾವುದು ಎಂಬುದೇ ತಿಳಿಯದಾಗಿತ್ತು. ಕಣ್ಣಿನ ಡಾಕ್ಟರು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ, ಇನ್ನೂ ಹಣ್ಣಾಗಿಲ್ಲ, ಒಂದು ವರ್ಷ ಕಳೆದ ಮೇಲೆ ತೆಗೆಯೋಣ ಎಂದು ಸಲೀಸಾಗಿ ಹೇಳಿ ಕಳಿಸಿದ್ದರು. ಅವರಿಗೇನು, ಸಲೀಸು. ಹಿಂದಿನ ವರ್ಷ ಸ್ಟೋರಿನ ಗುಮಾಸ್ತನಿಗೆ ಕಿವಿ ಮಂದವಾಯಿತೆಂದು ಗೊತ್ತಾದ ತಿಂಗಳೊಳಗೆ ಅವನ ಕೊರಳಿಗೆ ಹಾರ, ಕೈಗೆ ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದ್ದನ್ನು ಅಕ್ಕ ಕಣ್ಣಾರೆ ಕಂಡಿದ್ದಳು. ಆಗ ಕಣ್ಣು ಕಾಣುತ್ತಿತ್ತಲ್ಲ. ಅಂದಿನಿಂದ ಗಡಿಯಾರ ಕಂಡರೆ ಅವಳ ಎದೆ ಧಸಕ್ಕೆನ್ನುತ್ತಿತ್ತು. ಪುಸ್ತಕವನ್ನು ಮನೆಗೆ ಹೊತ್ತು, ಕಿಟಕಿಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು, ಒಂದೊಂದು ಲೆಕ್ಕವನ್ನೂ ಮೂರು ಮೂರು ಸಲ ಮಾಡಿ ದಿನ ದೂಡುತ್ತಿದ್ದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಯಾರೂ ನೋಡಿಲ್ಲ ಎಂಬುದೇ ಅವಳ ಸಮಾಧಾನ.

ಅಷ್ಟರಲ್ಲಿ ಕಂಪ್ಯೂಟರ್ ಬಂತು. ಟಿ.ವಿ.ಯಂಥ ತಲೆ, ಟೈಪ್‌ರೈಟರಿನಂಥ ಹೊಟ್ಟೆ, ಪಕ್ಕದಲ್ಲಿ ಡಿಸ್ಕು ನುಂಗುವ ಎರಡು ಬಾಯಿ. ವರ್ಕ್‌ಶಾಪಿನ ಯಜಮಾನರು ಅದನ್ನು ತಂದದ್ದು ಪಕ್ಕದ ಬೀದಿಯ ಕಾರ್ಖಾನೆಯವನು ತಂದಿದ್ದಾನೆ ಎಂಬ ಒಂದೇ ಕಾರಣಕ್ಕೆ. ತಂದಾದ ಮೇಲೆ ಅದರಿಂದ ಏನು ಮಾಡಿಸಬೇಕೆಂದು ತಿಳಿಯದೆ, "ಅಕ್ಕ, ಲೆಕ್ಕದ್ದು ನಿಮ್ಮ ಖಾತೆ, ನೋಡಿ" ಎಂದು ಅವಳ ಮೇಜಿನ ಪಕ್ಕಕ್ಕೆ ತಂದಿರಿಸಿದರು. ಅಕ್ಕನಿಗೆ ಮಾತ್ರ ಅದು ದೇವರು ಕೊಟ್ಟ ವರವಾಯಿತು. ಕಪ್ಪು ಪರದೆಯ ಮೇಲೆ ಹೊಳೆಯುವ ಹಸಿರು ಅಕ್ಷರ, ಒಂದೊಂದೂ ಬೆರಳುಗುರಿನಷ್ಟು ದೊಡ್ಡದು. ಕಿಟಕಿಗೆ ಪರದೆ ಎಳೆದು ಕೂತರೆ ಅವಳಿಗೆ ಎಲ್ಲವೂ ಕಾಣುತ್ತಿತ್ತು. ಐದು ವಾರದಲ್ಲಿ ಅದರ ಜೊತೆಗೇ ಬಂದಿದ್ದ ಭಾಷೆಯನ್ನು ಕಲಿತು, ನಾಲ್ಕು ಗೇರು ಹುಡುಕುವ ಪ್ರೋಗ್ರಾಮ್ ಬರೆದೇಬಿಟ್ಟಳು.

ಪ್ರೋಗ್ರಾಮ್ ಸರಿಯಾಗಿತ್ತು, ಆದರೆ ಬೆಳಗ್ಗೆ ಒಂಬತ್ತಕ್ಕೆ ಶುರು ಮಾಡಿದರೆ ಸಂಜೆ ಗಂಟೆ ಹೊಡೆದರೂ ಮುಗಿಯುತ್ತಿರಲಿಲ್ಲ. ಆ ಭಾಷೆಯ ಗುಣವೇ ಹಾಗೆ. ಒಂದು ಸಾಲು ಓದಬೇಕು, ಅರ್ಥ ಮಾಡಿಕೊಳ್ಳಬೇಕು, ಮಾಡಬೇಕು. ಅದೇ ಸಾಲು ಹತ್ತು ಲಕ್ಷ ಸಲ ಬಂದರೆ ಹತ್ತು ಲಕ್ಷ ಸಲವೂ ಹೊಸದಾಗಿ ಓದಬೇಕು. ಕಂಪ್ಯೂಟರ್ ಮಾರಿದವನು, ಬಿಸಿಲಲ್ಲೂ ಟೈ ಬಿಚ್ಚದ ಕಾರಣಕ್ಕೆ ಶೆಡ್ಡಿನವರೆಲ್ಲ ಟೈ ಸಾಹೇಬ ಎಂದು ಕರೆಯುತ್ತಿದ್ದವನು, ಇದಕ್ಕೆ ಮದ್ದು ಕಂಪೈಲರ್ ಎಂದ. ಬರೆದದ್ದನ್ನೆಲ್ಲ ಒಂದೇ ಸಲ ಯಂತ್ರದ ಮಾತಿಗೆ ತಿರುಗಿಸಿಟ್ಟುಕೊಂಡು, ಆಮೇಲೆ ಹಿಂದೆ ಮುಂದೆ ನೋಡದೆ ಓಡುವುದಂತೆ. ಒಂದು ಸೋಮವಾರ ಮೂರು ಕಂಪೈಲರ್‌ಗಳ ಡಿಸ್ಕು ತಂದು ಮೇಜಿನ ಮೇಲಿಟ್ಟು, ಶನಿವಾರ ಮಧ್ಯಾಹ್ನ ಬರುತ್ತೇನೆ, ಒಂದನ್ನು ಇಟ್ಟುಕೊಂಡು ಎರಡನ್ನು ವಾಪಸ್ ಕೊಡಿ ಎಂದು ಹೋದ.

ಮರು ಸೋಮವಾರವೇ ಊರಿನ ನೀರಿನ ಪಂಪಿನ ಗೇರು ಕೊರೆಯಬೇಕಿತ್ತು. ಅಗಲವಾದ ಮುಖದ, ಓರೆ ಹಲ್ಲಿನ ದೊಡ್ಡ ಗೇರು. ಉಕ್ಕಿನ ಗಟ್ಟಿ ಇದ್ದದ್ದು ಒಂದೇ, ಕೆಟ್ಟರೆ ಇನ್ನೊಂದು ಬರಲು ನಾಲ್ಕು ತಿಂಗಳು. ಅಷ್ಟು ದಿನ ಮೇಲಿನ ಬೀದಿಗಳವರು ಕೊಡ ಹಿಡಿದು ಟ್ಯಾಂಕರಿನ ಹಿಂದೆ ಓಡಬೇಕು. ಹಲ್ಲಿನಕ್ಕನ ಮನೆಯೂ ಮೇಲಿನ ಬೀದಿಯಲ್ಲೇ ಇತ್ತು.

ಮೂರರಲ್ಲಿ ನೀಲಿ ಡಿಸ್ಕಿನದು ಬಲು ಶಿಸ್ತಿನ ಭಾಷೆ. ಬಳಸುವ ಪ್ರತಿಯೊಂದು ಹೆಸರನ್ನೂ ಮೊದಲೇ ಅರ್ಜಿ ಹಾಕಿ ಹೇಳಿರಬೇಕು. ಹನ್ನೊಂದು ನಿಮಿಷ ಡಿಸ್ಕು ಕರಕರ ಅಗಿದು, ಕೊನೆಗೆ ಒಂದು ಚುಕ್ಕೆ ಬಿಟ್ಟುಹೋಗಿದೆ ಎಂದು ಗೊಣಗುತ್ತಿತ್ತು. ಎಲ್ಲ ಚುಕ್ಕೆ ಸರಿಮಾಡಿದ ಮೇಲೆ, ಈ ಕಂಪ್ಯೂಟರಿನಲ್ಲಿ ತನಗೆ ಸಾಕಾಗುವಷ್ಟು ಮೆಮೊರಿ ಇಲ್ಲವೆಂದು ಕೈಯೆತ್ತಿತು. ಅತ್ತೆಯ ಮನೆಗೆ ಬಂದ ಮೇಲೆ ಮನೆ ಚಿಕ್ಕದು ಎಂದ ಸೊಸೆಯ ಹಾಗೆ. ಬೂದು ಡಿಸ್ಕು ಅಂಗಡಿ ವ್ಯವಹಾರದವರಿಗೆಂದು ಮಾಡಿದ್ದು. ನಾವು ಕಾಗದದ ಮೇಲೆ ಮಾಡುವಂತೆ ಹತ್ತರ ಲೆಕ್ಕದಲ್ಲೇ, ಹದಿನಾಲ್ಕು ಅಂಕಿ ಇಟ್ಟುಕೊಂಡು ಆಮೆಯಂತೆ ನಡೆಯುತ್ತಿತ್ತು. ಹುಡುಕಾಟ ಮುಗಿಸಲು ಐವತ್ತು ನಿಮಿಷ. ಕೆಂಪು ಡಿಸ್ಕು ಅದೇ ಹುಡುಕಾಟವನ್ನು ಆರೇ ನಿಮಿಷದಲ್ಲಿ ಮುಗಿಸಿತು.

ಬುಧವಾರ ಕೆಂಪು ಡಿಸ್ಕಿನ ಓಟ ನೋಡಲು ಯಜಮಾನರು ಬಂದು ನಿಂತರು. ಆರನೆಯ ನಿಮಿಷಕ್ಕೆ ಪರದೆಯ ಮೇಲೆ ನಾಲ್ಕು ಗೇರುಗಳ ಹಲ್ಲೂ ಅವುಗಳ ಅನುಪಾತವೂ ಬಂದವು, ಕೆಳಗೆ "ವ್ಯತ್ಯಾಸ: 0" ಎಂದಿತ್ತು.

"ಅಬ್ಬಾ! ಇನ್ನೇನು ನೋಡೋದಿದೆ ಅಕ್ಕ? ಇದನ್ನೇ ಇಟ್ಕೊಳ್ಳೋಣ, ಅಲ್ವಾ?" ಎಂದರು ಯಜಮಾನರು.

ಅಕ್ಕ ಪರದೆಯ ಹತ್ತಿರಕ್ಕೆ ಬಗ್ಗಿದಳು. ಅನುಪಾತಕ್ಕೆ ದಶಾಂಶ ಬಿಂದುವಿನ ಆಚೆ ಆರೇ ಅಂಕಿ ಇದ್ದವು. ಅವಳಿಗೆ ಬೇಕಿದ್ದದ್ದು ಒಂಬತ್ತು. ಆದರೆ ಮನುಷ್ಯರು ಬಾಯಲ್ಲಿ ಆಡುವುದಕ್ಕಿಂತ ಹೆಚ್ಚು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ, ಇದೂ ಒಳಗೆ ಇಟ್ಟುಕೊಂಡಿರಬಹುದು ಎಂದುಕೊಂಡಳು. ಡಿಸ್ಕಿನ ಜೊತೆ ಬಂದಿದ್ದ ಕೈಪಿಡಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಏನೋ ಇತ್ತು, ಅದನ್ನು ಓದಲಾಗಲಿಲ್ಲ. ಅನುಮಾನ ಇದೆ ಎಂದರೆ ಯಜಮಾನರು, ಸರಿ, ಕೈಯಲ್ಲಿ ಮಾಡಿ ತೋರಿಸಿ ಎನ್ನುತ್ತಾರೆ. ಎಲ್ಲರೆದುರು ಆ ದಪ್ಪ ಪುಸ್ತಕ ಬಿಚ್ಚಬೇಕಾಗುತ್ತದೆ. ಕಣ್ಣ ಮುಂದೆ ಗೋಡೆ ಗಡಿಯಾರ ಬಂದು ನಿಂತಿತು.

"ಹೂಂ, ಇದೇ ಆಗಬಹುದು" ಎಂದುಬಿಟ್ಟಳು.

ಶುಕ್ರವಾರ ಪಂಪಿನ ಗೇರಿಗೆ ಚೀಟಿ ಬರೆಯುವ ಹೊತ್ತು ಬಂತು. ಬೆನ್ನಿನ ಲೆಕ್ಕಕ್ಕೆ ಅವಳು ಇಪ್ಪತ್ತೆರಡು ವರ್ಷವೂ ಬಳಸಿದ್ದು ಹಿಡಿ ತಿರುಗಿಸುವ ಹಳೆಯ ಲೆಕ್ಕದ ಯಂತ್ರವನ್ನು. ಅದರ ಪುಟ್ಟ ಕಿಂಡಿಗಳಲ್ಲಿ ಅಂಕಿ ಮೂಡುತ್ತವೆ, ಅವು ಈಗ ಅವಳಿಗೆ ಬರೀ ಬಿಳಿ ಮಸುಕು. ಅಂದು ಮೊದಲ ಬಾರಿ ಅವಳು ಆ ಯಂತ್ರದ ಮುಸುಕು ತೆಗೆಯಲಿಲ್ಲ. ಹಿಮ್ಮುಖದ ಲೆಕ್ಕವನ್ನೂ ಅದೇ ಕೆಂಪು ಡಿಸ್ಕಿನಲ್ಲೇ ಮಾಡಿಸಿದಳು. ಹೊರಟ ಅಂಕಿಗೇ ಚಾಚೂ ತಪ್ಪದೆ ವಾಪಸ್ ಬಂತು. ಅದನ್ನೇ ಬೆನ್ನಿನ ಮೇಲೆ ದುಂಡಗೆ ಬರೆದು ಮೇಸ್ತ್ರಿಗೆ ಕೊಟ್ಟಳು.

ಮೇಸ್ತ್ರಿ ಚೀಟಿಯನ್ನು ಮಗುಚಿ ನೋಡಿದರು. ಮತ್ತೆ ಮುಂಬದಿ ನೋಡಿದರು, ಮತ್ತೆ ಮಗುಚಿದರು.

"ಏನು ಮೇಸ್ತ್ರಿ?"

"ಏನಿಲ್ಲಮ್ಮ. ಇಷ್ಟು ವರ್ಷದಲ್ಲಿ ನಿನ್ನ ಬೆನ್ನು ಒಂದು ಸಲಾನೂ ಹಿಂಗೆ ತೊಳೆದಿಟ್ಟಂಗೆ ಬಂದಿರಲಿಲ್ಲ. ಕೊನೇಲಿ ಒಂದು ಎರಡು ಚೂರುಪಾರು ಉಳಿದೇ ಉಳಿಯೋದು. ಇವತ್ತು ಅದೂ ಇಲ್ಲ."

"ಹೊಸ ಯಂತ್ರ ಅಲ್ವಾ" ಎಂದಳು ಅಕ್ಕ. ಧ್ವನಿ ತನ್ನದೇ ಎಂದು ಅವಳಿಗೇ ಅನ್ನಿಸಲಿಲ್ಲ.

"ಇರಬಹುದು ತಾಯಿ" ಎಂದು ಮೇಸ್ತ್ರಿ ಚೀಟಿಯನ್ನು ಯಂತ್ರದ ಬಾಗಿಲಿಗೆ ಸಿಕ್ಕಿಸಿದರು.

ಅಲ್ಲಿಂದ ಮೇಜಿಗೆ ಬಂದು ಕೂತರೂ ಅವಳು ಮತ್ತೆ ಮತ್ತೆ ಆ ಬಾಗಿಲಿನ ಕಡೆಗೇ ತಿರುಗುತ್ತಿದ್ದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಹಾಗೆ. ಅರವತ್ತು ಗೇರುಗಳಲ್ಲಿ ಆರಿಸಿದ ಯಾವ ನಾಲ್ಕೂ ಒಂಬತ್ತು ಅಂಕಿಯವರೆಗೆ ಕರಾರುವಾಕ್ಕಾಗಿ ಕೂಡಿಬರುವುದಿಲ್ಲ, ಚೂರು ಉಳಿಯಲೇಬೇಕು. ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಚೂರು ಕಾಣುತ್ತಿಲ್ಲ ಎಂದರೆ ಚೂರು ಇಲ್ಲ ಎಂದಲ್ಲ, ನೋಡುವುದಕ್ಕೆ ಕಣ್ಣು ಸಾಲದು ಎಂದು. ಇದು ಅವಳಿಗಿಂತ ಚೆನ್ನಾಗಿ ಇನ್ನು ಯಾರಿಗೆ ತಿಳಿದೀತು?

ಸಂಜೆ ಮನೆಗೆ ಬಂದಾಗ ಗಂಡ ಹೊಲಿಗೆ ಯಂತ್ರದ ಮುಂದೆ ಕೂತಿದ್ದ. ಅವನು ದರ್ಜಿ. ಕೈಹೊಲಿಗೆಗೆ ಬೇಕಾದ ಹತ್ತು ಸೂಜಿಗೆ ಬೆಳಗ್ಗೆಯೇ ದಾರ ಪೋಣಿಸಿ ಚುಚ್ಚಿಟ್ಟು ಕೆಲಸಕ್ಕೆ ಹೋಗುವುದು ಮದುವೆಯಾದಾಗಿನಿಂದ ಅವಳ ಪಾಲಿನ ಕೆಲಸ. ಅಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತ ನೋಡಿದರೆ, ಅವನು ಅವಳು ಪೋಣಿಸಿಟ್ಟ ಸೂಜಿಯಿಂದ ದಾರ ಎಳೆದು ಹಾಕಿ, ನಾಲಿಗೆಗೆ ತಗುಲಿಸಿ, ತಾನೇ ಮತ್ತೆ ಪೋಣಿಸುತ್ತಿದ್ದ.

"ಯಾಕ್ರೀ, ನಾನು ಹಾಕಿದ್ದಕ್ಕೇನಾಯ್ತು?"

ಅವನಿಗೆ ಮುಚ್ಚಿಡಲು ಬರುವುದಿಲ್ಲ. "ಏನಿಲ್ಲ ಬಿಡೇ. ದಾರ ಸೂಜಿ ಕಣ್ಣಿನೊಳಗೆ ಹೋಗಿರಲ್ಲ, ಪಕ್ಕದಲ್ಲೇ ಸುತ್ತಿಕೊಂಡಿರುತ್ತೆ. ಹತ್ತರಲ್ಲಿ ಆರೇಳು ಹಂಗೇ."

"ಎಷ್ಟು ದಿನದಿಂದ?"

"ಬೇಸಿಗೆಯಿಂದ ಇರಬೇಕು." ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, "ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ" ಎಂದ.

ಅಕ್ಕ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ದಾರವನ್ನು ಬೆರಳಿನಿಂದಲೇ ಸರಿಯಾಗಿ ಹಾಕುತ್ತಿದ್ದೇನೆ ಎಂದು ಇಷ್ಟು ದಿನ ಹೆಮ್ಮೆಪಟ್ಟಿದ್ದಳಲ್ಲ! ಸೂಜಿಯಾದರೆ ಬಿಚ್ಚಿ ಮತ್ತೆ ಹಾಕಬಹುದು. ಉಕ್ಕನ್ನು ಕೊರೆದ ಮೇಲೆ ಹಲ್ಲನ್ನು ಮತ್ತೆ ಅಂಟಿಸಲು ಬರುತ್ತದೆಯೇ?

ಶನಿವಾರ ಬೆಳಗ್ಗೆ ಶೆಡ್ಡಿನ ಬಾಗಿಲು ತೆಗೆಯುವ ಹೊತ್ತಿಗೇ ಅವಳು ಅಲ್ಲಿದ್ದಳು. ಮೇಸ್ತ್ರಿ ಒಬ್ಬರೇ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದರು. ಅವರೆದುರು ಹೋಗಿ ನಿಂತಳು.

"ಮೇಸ್ತ್ರಿ, ಆ ಚೀಟಿ ಏರಿಸಬೇಡಿ. ಅದರ ಬೆನ್ನು ಸುಳ್ಳು."

ಮೇಸ್ತ್ರಿ ಎಣ್ಣೆ ಡಬ್ಬಿ ಕೆಳಗಿಟ್ಟರು.

"ನನಗೆ ಕಣ್ಣು ಕಾಣಲ್ಲ ಮೇಸ್ತ್ರಿ. ಪೊರೆ ಬಂದಿದೆ. ಕಿಂಡಿಯಲ್ಲಿರೋ ಅಂಕಿ ಓದಕ್ಕಾಗಲ್ಲ. ಅದಕ್ಕೇ ಬೆನ್ನನ್ನೂ ಆ ಕಂಪ್ಯೂಟರಿನಲ್ಲೇ ಮಾಡಿದೆ. ಕಳ್ಳನ ಕೈಲೇ ಸಾಕ್ಷಿ ಹೇಳಿಸಿದ ಹಾಗೆ. ನೀವು ಅಂಕಿ ಓದಿ ಹೇಳಿ, ನಾನು ಹಿಡಿ ತಿರುಗಿಸ್ತೀನಿ. ಒಂದೇ ಒಂದು ಸಲ."

"ಎಷ್ಟು ದಿನ ಆಯ್ತು?"

"ಎಂಟು ತಿಂಗಳು."

ಮೇಸ್ತ್ರಿಯ ಮುಖ ಅವಳಿಗೆ ಸ್ಪಷ್ಟವಾಗಿ ಕಾಣದಿದ್ದದ್ದೇ ಒಳ್ಳೆಯದಾಯಿತು. ಧ್ವನಿಯೇ ಸಾಕಾಗಿತ್ತು. "ಎಂಟು ತಿಂಗಳು ನಿನ್ನ ಚೀಟಿ ನಂಬಿಕೊಂಡು ಉಕ್ಕಿಗೆ ಕೈ ಹಾಕಿದ್ದೀನಲ್ಲೇ ತಾಯಿ!" ಎಂದರು. ಆಮೇಲೆ ಮೇಜಿನ ಬಳಿ ಬಂದು, ಹಳೆಯ ಯಂತ್ರದ ಮುಸುಕು ಕಿತ್ತು, ಕನ್ನಡಕ ಏರಿಸಿ ಕೂತರು.

ಅವರು ಒಂದೊಂದೇ ಅಂಕಿ ಓದಿದರು. ಅಕ್ಕ ಗುಂಡಿಗಳನ್ನು ಬೆರಳಿನಿಂದ ಎಣಿಸಿ ಸರಿಸಿ, ಹಿಡಿ ತಿರುಗಿಸಿದಳು. ಎಷ್ಟು ಸುತ್ತು, ಎಲ್ಲಿ ನಿಲ್ಲಿಸಬೇಕು ಎಂಬುದು ಅವಳ ಕೈಗೆ ಕಣ್ಣಿಲ್ಲದೆಯೂ ಗೊತ್ತಿತ್ತು. ಕೊನೆಗೆ ಮೇಸ್ತ್ರಿ ಕಿಂಡಿಗಳನ್ನು ಎಡದಿಂದ ಓದುತ್ತ ಬಂದರು. ಬಿಂದುವಿನ ಆಚೆ ಆರು ಅಂಕಿ ಸರಿಯಾಗಿ ಕೂಡಿ ಬಂದವು. ಏಳನೆಯದರಲ್ಲಿ ಮೂರು ಕಡಿಮೆ ಬಿತ್ತು.

"ಇನ್ನೂರು ಸುತ್ತಿಗೆ ಎಷ್ಟಾಗುತ್ತೆ?" ಎಂದು ಮೇಸ್ತ್ರಿ ಕೇಳಿದರು.

"ಗೇರಿನ ಆ ತುದಿಗೆ ಹೋಗೋ ಹೊತ್ತಿಗೆ ಒಂದೂವರೆ ಕೂದಲು ದಪ್ಪ."

ಇಷ್ಟೇನಾ ಎಂದು ಬೇರೆಯವರು ನಗಬಹುದು. ಅವರಿಬ್ಬರಿಗೂ ನಗು ಬರಲಿಲ್ಲ. ಅಷ್ಟು ತಪ್ಪಿದರೆ ಹಲ್ಲಿಗೆ ಹಲ್ಲು ಪೂರ್ತಿ ಕೂರುವುದಿಲ್ಲ. ಎಲ್ಲ ಭಾರವನ್ನೂ ಒಂದು ಅಂಚೇ ಹೊತ್ತು, ಒಂದು ದಿನ ಪಟ್ಟೆಂದು ಮುರಿಯುತ್ತದೆ.

ಮಧ್ಯಾಹ್ನ ಯಜಮಾನರೂ ಟೈ ಸಾಹೇಬನೂ ಒಟ್ಟಿಗೇ ಬಂದರು. ಕೆಂಪು ಡಿಸ್ಕು ಬೇಡ, ಬೂದು ಬಣ್ಣದ್ದು ಬೇಕು ಎಂದು ಅಕ್ಕ ಹೇಳಿದಾಗ ಟೈ ಸಾಹೇಬ ನಕ್ಕೇಬಿಟ್ಟ.

"ಮೇಡಂ, ಅದು ಅಂಗಡಿಯವರಿಗೆ ಅಂತ ಮಾಡಿದ್ದು. ಎಲ್ರೂ ವೇಗ ಬೇಕು ಅಂತಾರೆ, ನೀವು ಬೇಡ ಅಂತೀರಲ್ಲ!"

"ಬುಧವಾರ ನೀವೇ ಹೂಂ ಅಂದ್ರಲ್ಲ ಅಕ್ಕ?" ಯಜಮಾನರ ದನಿಯಲ್ಲಿ ಸಿಟ್ಟು ಹಣಕಿತು.

ಅಕ್ಕ ಪರದೆಯ ಮುಂದೆ ಕೂತಳು. ಚೀಟಿಯ ನಾಲ್ಕು ಗೇರುಗಳ ಅನುಪಾತ ಮಾಡಿ, ಬೇಕಾದ ಅಂಕಿಯಿಂದ ಕಳೆದು ತೋರಿಸು ಎಂದು ಎರಡೇ ಸಾಲು ಬರೆದಳು. ಕೆಂಪು ಡಿಸ್ಕು "0" ಎಂದಿತು. ಡಿಸ್ಕು ಬದಲಿಸಿದಳು. ಅದೇ ಎರಡು ಸಾಲಿಗೆ ಬೂದು ಡಿಸ್ಕು ಆರು ಸೊನ್ನೆ ಬರೆದು, ಏಳನೆಯ ಜಾಗದಲ್ಲಿ ಮೂರು, ಅದರಾಚೆ ಇನ್ನೂ ನಾಲ್ಕು ಅಂಕಿ ತೋರಿಸಿತು.

"ಕೆಂಪಿಗೆ ಈ ಚೂರು ಕಾಣಲ್ಲ. ಕಾಣದೇ ಇದ್ದಿದ್ದನ್ನ ಇಲ್ಲ ಅಂತು. ಬುಧವಾರ ನಾನೂ ಅದನ್ನೇ ಮಾಡಿದೆ ಯಜಮಾನ್ರೇ. ನನಗೂ ಕಣ್ಣು ಕಾಣಲ್ಲ. ಹೇಳಿದ್ರೆ ಮನೆಗೆ ಕಳಿಸ್ತೀರ ಅಂತ ಹೇಳಲಿಲ್ಲ."

ಹೇಳಿಯಾಗಿತ್ತು. ಎಂಟು ತಿಂಗಳು ಹೊತ್ತದ್ದು ಒಂದು ಉಸಿರಿನಲ್ಲಿ ಇಳಿದಿತ್ತು, ಆದರೆ ಹಗುರವೇನೂ ಆಗಲಿಲ್ಲ. ಯಜಮಾನರು ಅವಳನ್ನೂ ಪರದೆಯನ್ನೂ ನೋಡುತ್ತ ನಿಂತರು. ಟೈ ಸಾಹೇಬ ಟೈ ಸಡಿಲಿಸಿದ. ಅದು ಸಡಿಲವಾಗುತ್ತದೆಂದು ಶೆಡ್ಡಿನವರಿಗೆ ಅಂದೇ ತಿಳಿದದ್ದು. ಅಕ್ಕ ಬೂದು ಡಿಸ್ಕಿನ ಮೇಲೆ ಹುಡುಕಾಟ ಶುರು ಮಾಡಿದಳು. ಐವತ್ತು ನಿಮಿಷ.

ಆ ಐವತ್ತು ನಿಮಿಷವೂ ಅವಳು ಅಲ್ಲಿಂದ ಏಳಲಿಲ್ಲ. ಡಿಸ್ಕಿನ ದೀಪ ಹತ್ತುತ್ತ ಆರುತ್ತ ಇತ್ತು. ಕೊನೆಗೆ ಬೇರೆಯೇ ನಾಲ್ಕು ಗೇರು ಬಂದವು, ಒಂಬತ್ತನೆಯ ಜಾಗದಲ್ಲಿ ಒಂದು ಚೂರು ಉಳಿಸಿಕೊಂಡು. ಆ ಚೂರನ್ನು ನೋಡಿ ಅವಳಿಗೆ ನೆಂಟರು ಬಂದಷ್ಟು ಸಂತೋಷವಾಯಿತು.

"ಬೂದೇ ಇರಲಿ" ಎಂದರು ಯಜಮಾನರು. ಅವಳ ವಿಷಯ ಮಾತ್ರ ಎತ್ತಲಿಲ್ಲ.

ಟೈ ಸಾಹೇಬ ಎರಡು ಡಿಸ್ಕು ಎತ್ತಿಕೊಂಡು ಹೋದ ಮೇಲೆ ಮೇಸ್ತ್ರಿ ಕಂಬದ ಬಳಿ ಹೋಗಿ, ಮೊಳೆಯಿಂದ ಎಂಟು ತಿಂಗಳ ಚೀಟಿಗಳನ್ನೆಲ್ಲ ಕಿತ್ತು ತಂದರು. ಮೂವತ್ತನಾಲ್ಕು. "ಇವನ್ನೂ ನೋಡ್ಬೇಕಲ್ಲಮ್ಮ" ಎಂದರು. ಅಕ್ಕ ಮತ್ತೆ ಪರದೆಯ ಮುಂದೆ ಕೂತಳು. ಹುಡುಕುವುದೇನೂ ಇರಲಿಲ್ಲ, ಬರೆದದ್ದು ಸರಿಯೇ ಎಂದು ನೋಡುವುದಷ್ಟೇ, ಒಂದೊಂದಕ್ಕೂ ಒಂದು ಗಳಿಗೆ ಸಾಕು. ಮೇಸ್ತ್ರಿ ಓದಿದರು, ಅವಳು ಒತ್ತಿದಳು, ಯಜಮಾನರು ಹಿಂದೆ ಕೈಕಟ್ಟಿ ನಿಂತರು. ಹತ್ತು ಸರಿ. ಹದಿನೈದು ಸರಿ. ಭೂತಗನ್ನಡಿಯ ಪುಣ್ಯ ಎಂದುಕೊಂಡಳು. ಹದಿನೆಂಟು ಸರಿ.

ಹತ್ತೊಂಬತ್ತನೆಯದರಲ್ಲಿ, ಆರನೆಯ ಜಾಗದಲ್ಲೇ ಐದರ ವ್ಯತ್ಯಾಸ ಬಂತು. ಪುಸ್ತಕದಲ್ಲಿದ್ದ ಎಂಟನ್ನು ಅವಳು ಮೂರು ಎಂದು ಓದಿದ್ದಳು. ಬೆನ್ನಿನ ಲೆಕ್ಕದಲ್ಲೂ ಕಿಂಡಿಯ ಎಂಟನ್ನು ಮೂರೇ ಎಂದು ಓದಿದ್ದಳು. ಮೂರು ಸಲವೂ ಹಾಗೆಯೇ. ನೋಡಿದ್ದು ಅದೇ ಕಣ್ಣಲ್ಲವೇ.

"ಯಾವುದದು?" ಎಂದರು ಯಜಮಾನರು.

ಮೇಸ್ತ್ರಿ ಚೀಟಿ ಹಿಡಿದುಕೊಂಡೇ ಸ್ಟೂಲಿನ ಮೇಲೆ ಕುಸಿದು ಕೂತರು. "ಹಿಟ್ಟಿನ ಗಿರಣೀದು" ಎಂದರು.

ಗಿರಣಿಯವನು ಎರಡು ಸಲ ಬಂದು ಗೇರು ಅರಚುತ್ತದೆ ಎಂದು ದೂರಿದ್ದ. ಮೇಸ್ತ್ರಿ ಎರಡು ಸಲವೂ ಹೋಗಿ ನೋಡಿ, ಎಣ್ಣೆ ಬಿಡಕ್ಕೆ ಬರಲ್ವಾ ನಿನಗೆ ಎಂದು ಅವನಿಗೇ ಬೈದು ಬಂದಿದ್ದರು. ಅದು ಎಲ್ಲರಿಗೂ ಗೊತ್ತಿತ್ತು, ಹೇಳಿಕೊಂಡು ನಕ್ಕಿದ್ದರು ಕೂಡ. ಗೊತ್ತಿಲ್ಲದ ಮಾತನ್ನು ಮೇಸ್ತ್ರಿ ಈಗ ಹೇಳಿದರು.

"ನನ್ನ ಕೈ ಅಂದ್ಕೊಂಡಿದ್ದೆ ಕಣಮ್ಮ. ಬಾಯಲ್ಲಿ ಅವನಿಗೆ ಬೈದೆ, ಮನೆಗೆ ಹೋಗಿ ನಿದ್ದೆ ಬರಲಿಲ್ಲ. ಚೀಟಿ ಸರಿ ಇದೆ, ಬೆನ್ನು ಸರಿ ಇದೆ, ಅಂದ್ಮೇಲೆ ಕೆಟ್ಟಿದ್ದು ಕೈಯೇ ಅಲ್ವಾ? ನಾಲ್ಕು ತಿಂಗಳಿಂದ ಕೈ ನೋಡ್ಕೊಂಡು ಕೂತಿದ್ದೀನಿ, ಎಲ್ಲಿ ನಡುಗುತ್ತೆ ಅಂತ. ಪಂಪಿನ ಗೇರು ಮುಗಿಸಿ ಬಿಟ್ಟುಬಿಡ್ತೀನಿ ಅಂತ ಯಜಮಾನರಿಗೂ ಹೇಳಿಟ್ಟಿದ್ದೆ."

ಯಜಮಾನರು ನೆಲ ನೋಡಿದರು, ಅಂದರೆ ಅದು ನಿಜ.

ತನ್ನ ಕೆಲಸ ಹೋದೀತೆಂದು ಎಂಟು ತಿಂಗಳು ಹೆದರಿದವಳು, ಅದರ ಪಕ್ಕದಲ್ಲೇ ಇನ್ನೊಬ್ಬನ ಕೆಲಸವನ್ನು ತಾನೇ ಕಳೆಯುತ್ತಿದ್ದೆ ಎಂದು ಅರಿತಳು. ಹಾರ, ಗಡಿಯಾರ, ಎಲ್ಲ ಮರೆತುಹೋಯಿತು. ಅಕ್ಕ ಮುಖ ಮುಚ್ಚಿಕೊಳ್ಳದೆಯೇ ಅತ್ತಳು. ಇಪ್ಪತ್ತೆರಡು ವರ್ಷದಲ್ಲಿ ಆ ಮೇಜಿನ ಮುಂದೆ ಅವಳು ಅತ್ತದ್ದು ಅದೇ ಮೊದಲು.

"ಗಿರಣಿಯವನಿಗೆ ಏನಂತ ಬರೀಲಿ ಈಗ?" ಎಂದು ಯಜಮಾನರು ಕೇಳಿದರು.

"ಲೆಕ್ಕದವಳು ತಪ್ಪು ಮಾಡಿದಳು, ಗೇರು ವಾಪಸ್ ಕಳಿಸಿ, ಹೊಸದು ಕೊರೆದು ಕೊಡ್ತೀವಿ ಅಂತ ಬರೀರಿ. ಮೇಸ್ತ್ರಿ ಕೈ ಸರಿಯಾಗೇ ಇದೆ ಅಂತಾನೂ ಬರೀರಿ. ಕೆಳಗೆ ನಾನು ಸಹಿ ಹಾಕ್ತೀನಿ. ಆಮೇಲೆ ನನ್ನ ಏನು ಬೇಕಾದ್ರೂ ಮಾಡಿ."

ಉಳಿದ ಹದಿನೈದು ಚೀಟಿಗಳು ಸರಿಯಾಗಿದ್ದವು. ಯಜಮಾನರು ಬಾಗಿಲವರೆಗೆ ಹೋಗಿ ತಿರುಗಿದರು. ಪೊರೆ ತೆಗೆಸುವವರೆಗೆ ಚೀಟಿಯ ಮುಂಬದಿ ಅಕ್ಕನದು, ಬೆನ್ನಿನ ಅಂಕಿ ಓದುವುದು ಬರೆಯುವುದು ಮೇಸ್ತ್ರಿಯದು ಎಂದರು. ಆಮೇಲಿನದು ಆಮೇಲೆ. ಅದರಲ್ಲಿ ಭರವಸೆ ಎಷ್ಟು, ಎಚ್ಚರಿಕೆ ಎಷ್ಟು ಎಂದು ಅವಳಿಗೆ ತಿಳಿಯಲಿಲ್ಲ.

"ಪಂಪಿನ ಗೇರು ಮುಗಿಸಿ ಹೋಗ್ತೀನಿ ಅಂದಿದ್ರಲ್ಲ ಮೇಸ್ತ್ರಿ?" ಎಂದಳು ಅಕ್ಕ.

"ಯಾರು ಅಂದಿದ್ದು?" ಎಂದರು ಮೇಸ್ತ್ರಿ.

ಪಂಪಿನ ಗೇರು ಕೊರೆಯಲು ಸೋಮವಾರದಿಂದ ಗುರುವಾರದವರೆಗೆ ಹಿಡಿಯಿತು. ನಾಲ್ಕು ದಿನವೂ ಅಕ್ಕ ಯಂತ್ರದ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತಳು. ಮುಗಿದ ಮೇಲೆ ಜೋಡಿ ಗೇರಿನ ಹಲ್ಲಿಗೆ ನೀಲಿ ಬಣ್ಣ ಸವರಿ, ಎರಡನ್ನೂ ಕೂಡಿಸಿ ಕೈಯಿಂದ ಒಂದು ಸುತ್ತು ತಿರುಗಿಸಿದರು. ಹಲ್ಲು ಪೂರ್ತಿ ಕೂತಿದ್ದರೆ ನೀಲಿ ಉದ್ದಕ್ಕೂ ಅಂಟುತ್ತದೆ, ಇಲ್ಲದಿದ್ದರೆ ಒಂದೇ ಅಂಚಿಗೆ. ಮೇಸ್ತ್ರಿ ಬಗ್ಗಿ ನೋಡಿದರು. ಅವಳ ಕೈ ಹಿಡಿದು, ತೋರುಬೆರಳನ್ನು ಒಂದು ಹಲ್ಲಿನ ತುದಿಯಲ್ಲಿಟ್ಟರು.

ಅಕ್ಕ ಆ ತುದಿಯಿಂದ ಈ ತುದಿಯವರೆಗೆ ಬೆರಳನ್ನು ನಿಧಾನವಾಗಿ ಎಳೆದಳು. ಅಂಟಂಟು ಬಣ್ಣ ಎಲ್ಲೂ ತಪ್ಪಲಿಲ್ಲ. ಬೆರಳನ್ನು ಕಣ್ಣಿನ ಹತ್ತಿರ ತಂದು ನೋಡಿದಳು, ಅವಳಿಗೆ ಕಾಣುವಷ್ಟು ನೀಲಿ ಇತ್ತು.

"ಕೂತಿದೆ ಮೇಸ್ತ್ರಿ" ಎಂದಳು.

"ಕೈ ಸರಿ ಇದೆ ಅಲ್ವಾ?" ಎಂದು ಮೇಸ್ತ್ರಿ ಮೆಲ್ಲಗೆ ಕೇಳಿದರು.

"ಸರಿ ಇದೆ" ಎಂದಳು ಅಕ್ಕ. ಮೇಸ್ತ್ರಿ ಬಾಗಿಲಿಗೆ ಸಿಕ್ಕಿಸಿದ್ದ ಚೀಟಿಯನ್ನು ತೆಗೆದು, ತಾವೇ ಬರೆದ ಬೆನ್ನನ್ನು ಇನ್ನೊಮ್ಮೆ ಓದಿ, ಮೊಳೆಗೆ ಚುಚ್ಚಿದರು.